ಸಂಕಟ ಬಂದಾಗ: ಕಣ್ವ ತೀರದ ಕೆಲವು ನೆನಪುಗಳು

‘ಸಂಕಟ ಬಂದಾಗ ವೆಂಕಟರಮಣ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮೂರೇ ಮಾತಿನ ಈ ಗಾದೆಯೊಳಗೆ ನಮ್ಮ ಹಿರಿಯರು ಚುರುಕಾದ ಮೊನೆಯೊಂದನ್ನು ಹುದುಗಿಸಿಟ್ಟಿದ್ದಾರೆ. ಸುಖದ ದಿನಗಳಲ್ಲಿ ದೇವರ ಕಡೆ ತಿರುಗಿಯೂ ನೋಡದವನು, ಮಗು ಹಾಸಿಗೆ ಹಿಡಿದಾಗ, ಹೊಲ ಒಣಗಿದಾಗ, ಅರಿಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ಏಳು ಬೆಟ್ಟದ ಒಡೆಯನನ್ನು ಕೂಗುತ್ತಾನೆ ಎಂಬ ಕುಹಕ ಅದರಲ್ಲಿದೆ. ಕುಹಕ ನ್ಯಾಯವಾದದ್ದೇ. ಆದರೆ ನಮ್ಮ ಕಾಲದ ವಿದ್ಯಾವಂತರು ಇದಕ್ಕೆ ಇನ್ನೊಂದು ಆಪಾದನೆಯನ್ನೂ ಸೇರಿಸಿದ್ದಾರೆ. ದೇವರನ್ನು ನೆಚ್ಚಿದವನು ಕೈಕಟ್ಟಿ ಕೂಡುತ್ತಾನೆ, ಹರಕೆ ಹೊತ್ತವನು ಹಾರೆ ಹಿಡಿಯುವುದಿಲ್ಲ ಎಂಬುದು ಆ ಆಪಾದನೆ. ಇದು ಎಷ್ಟರ ಮಟ್ಟಿಗೆ ನಿಜ? ತತ್ತ್ವದ ಮಾತಿನಿಂದ ಇದನ್ನು ತೀರ್ಮಾನಿಸುವುದಕ್ಕಿಂತ, ಒಂದು ಸಣ್ಣ ಸೀಮೆಯ ಚರಿತ್ರೆಯನ್ನು ಕೈಯಲ್ಲಿ ಹಿಡಿದು ನೋಡುವುದು ಮೇಲೆಂದು ನನಗೆ ತೋರುತ್ತದೆ.

ಚರಿತ್ರೆಯನ್ನು ಬರೆಯುವವನಿಗೆ ಇದು ಸುಲಭದ ವಿಷಯವಲ್ಲ. ಶಾಸನ ದಾನವನ್ನು ಹೇಳುತ್ತದೆ. ದಾನ ಮಾಡಿದವನು ಹಿಂದಿನ ರಾತ್ರಿ ಯಾವ ಭಯದಿಂದ ನಿದ್ದೆಗೆಟ್ಟಿದ್ದನೆಂದು ಹೇಳುವುದಿಲ್ಲ. ಸರ್ಕಾರದ ಕಡತ ಬರಗಾಲದಲ್ಲಿ ಸತ್ತವರನ್ನು ಎಣಿಸುತ್ತದೆ; ಅವರು ಯಾರನ್ನು ಕರೆಯುತ್ತ ಸತ್ತರೆಂಬುದಕ್ಕೆ ಅಲ್ಲಿ ಅಂಕಣವಿಲ್ಲ. ಆದರೂ ಕೆಲವು ಊರುಗಳ ನೆಲದಲ್ಲಿ ಮೊರೆಯ ಗುರುತುಗಳು ಉಳಿದುಬಿಡುತ್ತವೆ. ಒಂದು ಬೃಂದಾವನ, ಗುಡಿಯಲ್ಲಿ ಕಟ್ಟಿದ ತೊಟ್ಟಿಲು, ಊರ ಗಡಿಯಲ್ಲಿ ಮಾರಮ್ಮನ ಕಲ್ಲು, ಹಸಿರು ಹೊದಿಕೆಯ ಒಂದು ಗೋರಿ. ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು ೬೦ ಕಿಲೋಮೀಟರು ಸಾಗಿದರೆ ಸಿಗುವ ಚನ್ನಪಟ್ಟಣದ ಸುತ್ತ ಇಂಥ ಗುರುತುಗಳು ಒತ್ತೊತ್ತಾಗಿವೆ.

ಚನ್ನಪಟ್ಟಣವೆಂದರೆ ಪ್ರಯಾಣಿಕರಿಗೆ ನೆನಪಾಗುವುದು ಅರಗಿನ ಬಣ್ಣದ ಮರದ ಗೊಂಬೆಗಳು. ಚರಿತ್ರೆ ಓದಿದವರಿಗೆ ನೆನಪಾಗುವವನು ಜಗದೇವರಾಯ. ೧೫೭೭ರಲ್ಲಿ ಪೆನುಕೊಂಡೆಯನ್ನು ಶತ್ರುಗಳಿಂದ ಕಾಪಾಡಿದ್ದಕ್ಕಾಗಿ ವಿಜಯನಗರದ ಅರಸರಿಂದ ಈ ಸೀಮೆಯನ್ನು ಪಡೆದ ವೀರನವನು. ೧೬೩೦ರಲ್ಲಿ ಅದು ಮೈಸೂರು ಒಡೆಯರ ಕೈಸೇರಿತು. ಆದರೆ ರಾಜರ ಕಥೆ ಇಲ್ಲಿ ನಮಗೆ ಬೇಕಿಲ್ಲ. ನಮಗೆ ಬೇಕಾದದ್ದು ಇಲ್ಲಿಯ ನೆಲ ಮತ್ತು ಮಳೆ. ಕಣ್ವ ಎಂಬ ಸಣ್ಣ ನದಿ ಈ ಸೀಮೆಯ ನಡುವೆ ಹರಿದು ಶಿಂಷಾವನ್ನು ಸೇರುತ್ತದೆ. ನದಿಯೆಂದು ಕರೆದರೂ ವರ್ಷದ ಬಹುಭಾಗ ಅದರಲ್ಲಿ ನೀರಿಗಿಂತ ಮರಳೇ ಹೆಚ್ಚು. ಕಾವೇರಿಯ ದೊಡ್ಡ ಕಾಲುವೆಗಳು ಮಂಡ್ಯದ ಕಡೆಗೆ ಹರಿದವು. ಇಲ್ಲಿಯ ರೈತ ರಾಗಿಯನ್ನೂ ಕೆರೆಯನ್ನೂ ಆಕಾಶವನ್ನೂ ನಂಬಿ ಬದುಕಿದ. ಆಕಾಶವನ್ನು ನಂಬುವವನು ದೇವರನ್ನು ನಂಬದಿರುವುದು ಕಷ್ಟ.

ಈ ಕಣ್ವದ ತೀರದಲ್ಲಿ, ಚನ್ನಪಟ್ಟಣಕ್ಕೆ ಹತ್ತಿರವಾಗಿ, ಅಬ್ಬೂರು ಎಂಬ ಹಳ್ಳಿಯಿದೆ. ಹದಿನೈದನೆಯ ಶತಮಾನದಲ್ಲಿ ಇಲ್ಲಿ ಪುರುಷೋತ್ತಮತೀರ್ಥರೆಂಬ ಮಾಧ್ವ ಯತಿಗಳಿದ್ದರು. ಅವರ ಶಿಷ್ಯರು ಬ್ರಹ್ಮಣ್ಯತೀರ್ಥರು. ದಾಸಸಾಹಿತ್ಯದ ಆದಿಯಲ್ಲಿ ನಿಲ್ಲುವ ಶ್ರೀಪಾದರಾಜರು ಹುಟ್ಟಿದ್ದೂ ಇದೇ ಊರಿನಲ್ಲಿ ಎನ್ನುತ್ತದೆ ಸಂಪ್ರದಾಯ. ಅವರ ಬಾಲ್ಯದ ಕಥೆಯೊಂದನ್ನು ಇಲ್ಲಿ ಹೇಳಬೇಕು. ಸ್ವರ್ಣವರ್ಣತೀರ್ಥರೆಂಬ ಯತಿಗಳು ಪುರುಷೋತ್ತಮತೀರ್ಥರನ್ನು ಕಾಣಲು ಮೇನೆಯಲ್ಲಿ ಬರುತ್ತಿದ್ದರಂತೆ. ಹೊತ್ತು ಇಳಿಯುತ್ತಿತ್ತು. ದಾರಿಯಲ್ಲಿ ದನ ಕಾಯುತ್ತಿದ್ದ ಹುಡುಗನೊಬ್ಬನನ್ನು ಕಂಡು, ಅಬ್ಬೂರು ಇನ್ನು ಎಷ್ಟು ದೂರವೆಂದು ಕೇಳಿದರು. ಹುಡುಗ ಹರದಾರಿಯ ಲೆಕ್ಕ ಹೇಳಲಿಲ್ಲ. ಮುಳುಗುತ್ತಿರುವ ಸೂರ್ಯನನ್ನು ನೋಡಿ, ನನ್ನನ್ನು ನೋಡಿ, ಈ ದನಗಳನ್ನು ನೋಡಿ, ಊರು ಎಷ್ಟು ದೂರವಿದ್ದೀತೆಂದು ತಾವೇ ಊಹಿಸಿಕೊಳ್ಳಿ ಎಂದನಂತೆ. ಕತ್ತಲಾಗುವ ಹೊತ್ತಿನಲ್ಲಿ ಇಷ್ಟು ಚಿಕ್ಕ ಹುಡುಗ ಇನ್ನೂ ನಿಶ್ಚಿಂತೆಯಿಂದ ದನ ಮೇಯಿಸುತ್ತಿದ್ದಾನೆಂದರೆ ಊರು ಕೂಗಳತೆಯಲ್ಲಿಯೇ ಇರಬೇಕಷ್ಟೆ! ಯತಿಗಳು ಆ ಬುದ್ಧಿಗೆ ಮೆಚ್ಚಿ, ಮುಂದೆ ಆ ಲಕ್ಷ್ಮೀನಾರಾಯಣನನ್ನೇ ಶಿಷ್ಯನಾಗಿ ಬೇಡಿ ಪಡೆದರು.

ಈ ಕಥೆಯನ್ನು ಸಾಮಾನ್ಯವಾಗಿ ಹುಡುಗನ ಜಾಣತನಕ್ಕೆ ಉದಾಹರಣೆಯಾಗಿ ಹೇಳುವುದುಂಟು. ನನಗೆ ಅದರಲ್ಲಿ ಬೇರೊಂದು ಸ್ವಾರಸ್ಯ ಕಾಣುತ್ತದೆ. ಆ ಹುಡುಗನಿಗೆ ಕತ್ತಲೆಯ ಅರಿವಿದೆ, ಅವನೇ ಸೂರ್ಯನ ಕಡೆ ಕೈ ತೋರಿಸುತ್ತಾನೆ. ಮನೆಗೆ ಇರುವ ದೂರವೂ ಅವನಿಗೆ ಗೊತ್ತಿದೆ. ಮೇನೆಯಲ್ಲಿ ಕುಳಿತ ಹಿರಿಯರಿಗೆ ಇಲ್ಲದ ನೆಮ್ಮದಿ ಬಯಲಲ್ಲಿ ನಿಂತ ಹುಡುಗನಿಗೆ ಇದ್ದುದು ಈ ಕಾರಣದಿಂದ. ಭರವಸೆ ಎಂಬ ಮಾತಿಗೆ ನಿಘಂಟುಗಳಲ್ಲಿ ಇದಕ್ಕಿಂತ ಒಳ್ಳೆಯ ಅರ್ಥವಿವರಣೆ ಸಿಕ್ಕೀತೆಂದು ನಾನು ಭಾವಿಸುವುದಿಲ್ಲ.

ಅಬ್ಬೂರಿನ ಇನ್ನೊಂದು ಕಥೆ ಇದಕ್ಕಿಂತ ಗಹನವಾದದ್ದು. ಬನ್ನೂರಿನ ಬಲ್ಲಣ್ಣ, ಅಕ್ಕಮ್ಮ ಎಂಬ ದಂಪತಿಗಳಿಗೆ ಮಕ್ಕಳಿರಲಿಲ್ಲ. ಅವರು ಬ್ರಹ್ಮಣ್ಯತೀರ್ಥರ ಮೊರೆಹೊಕ್ಕರು. ಯತಿಗಳು ಮೂರು ಮಕ್ಕಳಾಗುವರೆಂದು ಅನುಗ್ರಹಿಸಿದರು. ಆದರೆ ಅವರಲ್ಲಿ ಒಬ್ಬನನ್ನು ಮಠಕ್ಕೆ ಒಪ್ಪಿಸಬೇಕೆಂಬ ಕರಾರು ಹಾಕಿದರು. ಹಾಗೆ ಹುಟ್ಟಿ, ಹಾಗೆ ಒಪ್ಪಿಸಲ್ಪಟ್ಟ ಯತಿರಾಜನೆಂಬ ಹುಡುಗನೇ ಮುಂದೆ ವ್ಯಾಸತೀರ್ಥರಾದದ್ದು. ಜನರ ಬಾಯಲ್ಲಿ ವ್ಯಾಸರಾಯರು. ಅವರ ಸಮಕಾಲೀನನಾದ ಸೋಮನಾಥ ಕವಿ ಸಂಸ್ಕೃತದಲ್ಲಿ ರಚಿಸಿದ ‘ವ್ಯಾಸಯೋಗಿಚರಿತ’ ಎಂಬ ಚಂಪೂಕಾವ್ಯದಲ್ಲಿ ಈ ವೃತ್ತಾಂತವಿದೆ. ಅದು ೧೯೨೬ರಲ್ಲಿ ಬಿ. ವೆಂಕೋಬರಾಯರ ಸಂಪಾದನೆಯಲ್ಲಿ ಅಚ್ಚಾಯಿತು.

ಇಲ್ಲಿಯ ಹರಕೆಯ ಸ್ವರೂಪವನ್ನು ಗಮನಿಸಬೇಕು. ಕೇಳಿದ್ದು ಸಿಕ್ಕಿತು, ಸಿಕ್ಕಿದ್ದನ್ನು ಮರಳಿ ಕೊಡಬೇಕಾಯಿತು. ಅಕ್ಕಮ್ಮನಿಗೆ ಆ ಉಪನಯನದ ನಂತರದ ದಿನಗಳು ಹೇಗಿದ್ದಿರಬೇಕೆಂಬುದನ್ನು ಕವಿ ಹೇಳದಿದ್ದರೂ ತಾಯಂದಿರು ಊಹಿಸಬಲ್ಲರು. ಸಂಕಟ ತೀರಿತೆಂದು ಅವಳು ಮನೆಯ ಬಾಗಿಲು ಹಾಕಿಕೊಳ್ಳುವಂತಿರಲಿಲ್ಲ.

ಹುಡುಗನೂ ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಸೋಮನಾಥನ ಕಾವ್ಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಸನ್ನಿವೇಶ ಇದು. ಗುರುಗಳು ತನಗೆ ಸನ್ಯಾಸ ಕೊಡುವರೆಂದು ತಿಳಿದಾಗ ಯತಿರಾಜನ ಮನಸ್ಸು ಅಳುಕಿತು. ಅವನು ಆಶ್ರಮವನ್ನು ಬಿಟ್ಟು ಓಡಿಹೋದ. ದಾರಿಯಲ್ಲಿ ದಣಿದು ಒಂದು ಮರದ ಕೆಳಗೆ ಮಲಗಿದ. ಅಲ್ಲಿ ಅವನಿಗೆ ಮಹಾವಿಷ್ಣುವಿನ ದರ್ಶನವಾಯಿತು. ಸಂಕಟದಲ್ಲಿರುವ ಬಾಲಕನಿಗೆ ದೇವರು ಪ್ರತ್ಯಕ್ಷನಾದಾಗ ಪುರಾಣಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಧ್ರುವನಿಗೆ ಪದವಿ ಸಿಕ್ಕಿತು; ಪ್ರಹ್ಲಾದನ ಶತ್ರು ಸತ್ತ. ಇಲ್ಲಿ ಅಂಥದೇನೂ ಆಗಲಿಲ್ಲ. ದೇವರು ಅವನಿಗೆ ಹೇಳಿದ್ದು, ಹಿಂದಿರುಗಿ ಹೋಗು ಎಂದು. ಯಾವುದರಿಂದ ತಪ್ಪಿಸಿಕೊಂಡು ಓಡಿಬಂದಿದ್ದನೋ ಅದರ ಕಡೆಗೇ ತಿರುಗಿ ಹೋಗಲು ಧೈರ್ಯ ಸಿಕ್ಕಿತು. ದೇವರಿಂದ ಬಂದ ಸಹಾಯ ಅಷ್ಟೇ. ಹುಡುಗ ಎದ್ದು, ಬಂದ ದಾರಿಯಲ್ಲೇ ಮರಳಿ ನಡೆದ.

ಮುಂದಿನ ಕಥೆ ಇನ್ನೂ ಕಠಿಣ. ೧೪೭೫–೭೬ರ ಹೊತ್ತಿಗೆ ದೊಡ್ಡದೊಂದು ಕ್ಷಾಮ ಬಂತು. ಬ್ರಹ್ಮಣ್ಯತೀರ್ಥರು ಆ ಕ್ಷಾಮಕಾಲದಲ್ಲಿಯೇ ಹರಿಪಾದ ಸೇರಿದರೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಅಬ್ಬೂರಿನಲ್ಲಿರುವುದು ಅವರ ಬೃಂದಾವನ. ಮಕ್ಕಳಿಲ್ಲದವರಿಗೆ ಮಕ್ಕಳನ್ನು ಅನುಗ್ರಹಿಸಿದ ಯತಿಗೆ ಬರಗಾಲದಿಂದ ವಿನಾಯಿತಿ ಸಿಗಲಿಲ್ಲ. ವ್ಯಾಸತೀರ್ಥರು ಹುಟ್ಟಿದ್ದು ೧೪೬೦ರ ಸುಮಾರಿಗೆ ಎಂಬುದನ್ನು ಒಪ್ಪಿದರೆ, ಮಠದ ಹೊಣೆ ಹೆಗಲಿಗೆ ಬಿದ್ದಾಗ ಅವರಿಗೆ ಹದಿನೈದು ಹದಿನಾರರ ವಯಸ್ಸು. ಬರಪೀಡಿತವಾದ ಸೀಮೆ, ಗುರುವಿಲ್ಲದ ಮಠ, ಮೀಸೆ ಮೂಡದ ಪೀಠಾಧಿಪತಿ. ಅಲ್ಲಿಂದ ಅವರು ಓದಲು ಕಂಚಿಗೆ ಹೋದರು. ಅನಂತರ ಮುಳುಬಾಗಿಲಿಗೆ, ಅದೇ ಅಬ್ಬೂರಿನ ದನ ಕಾಯುವ ಹುಡುಗನಾಗಿದ್ದ ಶ್ರೀಪಾದರಾಜರ ಬಳಿಗೆ. ಆಮೇಲೆ ಚಂದ್ರಗಿರಿ, ತಿರುಪತಿ, ವಿಜಯನಗರ. ‘ನ್ಯಾಯಾಮೃತ’ವೇ ಮೊದಲಾದ ಗ್ರಂಥಗಳಿಂದ ಅವರು ವೇದಾಂತದ ಚರಿತ್ರೆಯಲ್ಲಿ ಪಡೆದ ಸ್ಥಾನವನ್ನು ತಿಳಿದವರು ತಿಳಿದಿದ್ದಾರೆ. ಆ ಭಾಗವನ್ನು ಪಂಡಿತರಿಗೆ ಬಿಟ್ಟು ನಾನು ಮುಂದೆ ಹೋಗುತ್ತೇನೆ.

ನನ್ನ ಕುತೂಹಲವಿರುವುದು ಅವರು ತೋಡಿಸಿದ ಕೆರೆಯಲ್ಲಿ. ಇಂದಿನ ಆಂಧ್ರದ ಮದನಪಲ್ಲಿಯ ಸೀಮೆಯಲ್ಲಿ ಕೃಷ್ಣದೇವರಾಯ ಅವರಿಗೆ ಬೆಟ್ಟಕೊಂಡವೆಂಬ ಗ್ರಾಮವನ್ನು ಕೊಟ್ಟ. ಅಲ್ಲಿಯ ದೊಡ್ಡ ಕೆರೆಗೆ ವ್ಯಾಸಸಮುದ್ರವೆಂದು ಹೆಸರು. ದಾನವಾಗಿ ಬಂದ ಒಣನೆಲಗಳಲ್ಲಿ ನೀರು ನಿಲ್ಲಿಸಿ ಬೇಸಾಯವನ್ನು ಹಬ್ಬಿಸುವ ಕೆಲಸದಲ್ಲಿ ವ್ಯಾಸತೀರ್ಥರ ಮಠ ಅರಸರ ಬಲಗೈಯಂತೆ ನಡೆಯಿತೆಂದು ಈಚಿನ ಸಂಶೋಧಕರು ಶಾಸನಗಳ ಆಧಾರದಿಂದ ತೋರಿಸಿದ್ದಾರೆ. ಅದರಲ್ಲಿ ರಾಜಕಾರಣವೂ ಇತ್ತು, ಮಠದ ಆದಾಯದ ಲೆಕ್ಕವೂ ಇತ್ತು; ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಹರೆಯದಲ್ಲಿ ಗುರುವನ್ನು ಕ್ಷಾಮಕಾಲದಲ್ಲಿ ಕಳೆದುಕೊಂಡ ಮನುಷ್ಯ, ಅಧಿಕಾರ ಕೈಗೆ ಬಂದಾಗ ನೀರು ಕಟ್ಟಿಸಿದನೆಂಬ ಸಂಗತಿಯನ್ನು ಓದುವಾಗ, ಎರಡಕ್ಕೂ ನಡುವೆ ಒಂದು ಎಳೆ ಇರಬಹುದೆಂದು ಊಹಿಸದೆ ಇರುವುದು ನನಗೆ ಸಾಧ್ಯವಾಗಿಲ್ಲ. ಇದು ನನ್ನ ಊಹೆ ಮಾತ್ರ; ಶಾಸನದ ಮಾತಲ್ಲ.

ಆ ಕೆರೆಯ ಕುರಿತು ಜನ ಕಟ್ಟಿಕೊಂಡ ಕಥೆ ತಮಗೆಲ್ಲ ಗೊತ್ತಿರಬಹುದು. ತೂಬಿಗೆ ಬಂಡೆಯೊಂದು ಅಡ್ಡವಾಗಿತ್ತು, ಯಾರಿಂದಲೂ ಕದಲಲಿಲ್ಲ. ಮಂತ್ರೋಪದೇಶ ಬೇಡಿದ ಕನಕದಾಸರಿಗೆ ಯಾರೋ ‘ಕೋಣ’ ಎಂಬ ಮಾತನ್ನೇ ಮಂತ್ರವೆಂದು ಹಾಸ್ಯವಾಗಿ ಹೇಳಿದ್ದರಂತೆ. ಅದನ್ನೇ ಅವರು ಶ್ರದ್ಧೆಯಿಂದ ಜಪಿಸಲು ಯಮನ ಕೋಣ ಪ್ರತ್ಯಕ್ಷವಾಯಿತು. ಎದುರಿಗೆ ಬಂದು ನಿಂತ ಆ ಕೋಣನಿಂದ ಕನಕದಾಸರು ಏನು ಮಾಡಿಸಿದರು? ಬಂಡೆಯನ್ನು ಎಳೆಸಿದರು. ಕನಕನ ತೂಬು ಎಂಬ ಹೆಸರು ಹಾಗೆ ಬಂತೆನ್ನುತ್ತಾರೆ. ಇದನ್ನು ಇತಿಹಾಸವೆಂದು ಯಾರೂ ವಾದಿಸುವುದಿಲ್ಲ. ಆದರೆ ದೇವತಾಸಹಾಯ ಬಂದಾಗ ಅದರಿಂದ ಮೊದಲು ಮಾಡಿಸಬೇಕಾದ ಕೆಲಸ ಯಾವುದೆಂಬ ವಿಷಯದಲ್ಲಿ ನಮ್ಮ ರೈತಾಪಿ ಜನರ ಅಭಿಪ್ರಾಯ ಏನಿತ್ತೆಂಬುದಕ್ಕೆ ಇದು ಒಳ್ಳೆಯ ದಾಖಲೆ.

ಪುರಾಣದ ಗಜೇಂದ್ರನನ್ನೂ ಇಲ್ಲಿ ನೆನೆಯಬಹುದು. ಮೊಸಳೆ ಕಾಲು ಹಿಡಿದ ಕೂಡಲೇ ಆನೆ ‘ನಾರಾಯಣಾ’ ಎಂದು ಕೂಗಿತೆಂದು ಅನೇಕರ ತಿಳುವಳಿಕೆ. ಭಾಗವತದ ಆನೆ ಮೊದಲು ಸಾವಿರ ವರ್ಷ ಹೋರಾಡಿತು. ಹೆಣ್ಣಾನೆಗಳೂ ಬಳಗವೂ ಎಳೆದು ನೋಡಿದವು. ಬಲವೆಲ್ಲ ಸೋರಿಹೋದ ಮೇಲೆ ಅದು ಸೊಂಡಿಲಿನಲ್ಲಿ ತಾವರೆ ಎತ್ತಿ ಕರೆಯಿತು.

ಅಬ್ಬೂರಿನಿಂದ ದೊಡ್ಡಮಳೂರಿಗೆ ಬಂದರೆ ಮೊರೆಯ ಬೇರೊಂದು ಮುಖ ಕಾಣುತ್ತದೆ. ಚನ್ನಪಟ್ಟಣದಿಂದ ಮೈಸೂರಿನ ಕಡೆಗೆ ಎರಡು ಮೈಲಿಯಷ್ಟು ದೂರದಲ್ಲಿ, ಕಣ್ವದ ತೀರದಲ್ಲಿಯೇ, ಚೋಳರ ಕಾಲದಿಂದ ಬಂದ ಅಪ್ರಮೇಯಸ್ವಾಮಿಯ ದೇವಾಲಯವಿದೆ. ಅದರ ಪ್ರಾಕಾರದಲ್ಲಿ ಅಂಬೆಗಾಲಿಡುವ ನವನೀತಕೃಷ್ಣನ ಗುಡಿ. ಪುರಂದರದಾಸರು ಜಗದೋದ್ಧಾರನನ್ನು ಕುರಿತ ತಮ್ಮ ಪ್ರಸಿದ್ಧ ಕೀರ್ತನೆಯನ್ನು ಈ ಕೃಷ್ಣನ ಎದುರಿನಲ್ಲಿ ಹಾಡಿದರೆಂಬ ಪ್ರತೀತಿ ಇದೆ. ಮಕ್ಕಳಿಲ್ಲದವರು ಇಲ್ಲಿಗೆ ಬಂದು ಹರಕೆ ಹೊರುತ್ತಾರೆ. ಮಗುವಾದ ಮೇಲೆ ತೊಟ್ಟಿಲು ಒಪ್ಪಿಸುತ್ತಾರೆ. ಗುಡಿಯಲ್ಲಿ ಸಾಲಾಗಿ ಕಟ್ಟಿದ ಪುಟ್ಟ ತೊಟ್ಟಿಲುಗಳನ್ನು ನೋಡುವಾಗ, ಒಂದೊಂದರ ಹಿಂದೆಯೂ ಒಂದೊಂದು ಮನೆಯ ಕೆಲವು ವರ್ಷಗಳ ಮೌನ ಇದೆಯೆಂಬುದು ನೆನಪಾಗುತ್ತದೆ. ಹರಕೆಯ ತೊಟ್ಟಿಲು ಸಂತೋಷದ ಗುರುತು. ಆದರೆ ಹರಕೆ ಹೊತ್ತು ಹೋಗಿ ಮತ್ತೆ ಬಾರದವರ ಗುರುತು ಯಾವ ಗುಡಿಯಲ್ಲಿಯೂ ಇರುವುದಿಲ್ಲ. ದೇವಾಲಯಗಳ ಮಹಿಮೆಯನ್ನು ಬರೆಯುವವರು ಈ ಒಂದು ಮಾತನ್ನು ಮರೆಯುತ್ತಾರೆ. ಚರಿತ್ರೆ ಬರೆಯುವವರು ಮರೆಯಬಾರದು.

ಯುದ್ಧಗಳ ಸಂಕಟವೂ ಈ ಸೀಮೆಗೆ ಹೊಸದಲ್ಲ. ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವೆ ಇದ್ದುದೇ ಇದರ ದುರದೃಷ್ಟ. ಕಾರ್ನ್‌ವಾಲಿಸನ ಸೈನ್ಯ ಟೀಪುವಿನ ಮೇಲೆ ಬಂದ ೧೭೯೧ರಲ್ಲಿ ಸಾವನದುರ್ಗ, ರಾಮಗಿರಿಗಳು ಶತ್ರುಗಳ ವಶವಾದವು. ಕನಕಪುರದ ಕಡೆಯ ಕಬ್ಬಾಳದುರ್ಗವಂತೂ ಸೆರೆಮನೆಯೆಂದೇ ಕುಖ್ಯಾತವಾಗಿತ್ತು. ಆ ದಿನಗಳಲ್ಲಿ ಕೈದಿಯಾಗಿ ಸಿಕ್ಕಿಬಿದ್ದವನಿಗೆ, ಅವನು ಯಾವ ಮತದವನಾದರೂ ಆಗಲಿ, ದೇವರ ಹೆಸರು ಬಿಟ್ಟರೆ ಕೈಯಲ್ಲಿ ಬೇರೇನಿದ್ದೀತು? ಚನ್ನಪಟ್ಟಣದ ಉತ್ತರಕ್ಕೆ ಎರಡು ದೊಡ್ಡ ಗೋರಿಗಳಿವೆ. ಒಂದು ಟೀಪು ಕಟ್ಟಿಸಿದ ಅಕೀಲ್ ಷಾ ಖಾದ್ರಿ ಎಂಬ ಗುರುಗಳದು. ಇನ್ನೊಂದು ಟೀಪುವಿನ ಕೈಕೆಳಗೆ ಬೆಂಗಳೂರಿನ ಅಧಿಕಾರಿಯಾಗಿದ್ದ ಸೈಯದ್ ಇಬ್ರಾಹಿಮನದು. ಇಂಗ್ಲಿಷರ ಕಾಲದ ಗೆಜೆಟಿಯರು ಈತನ ವಿಷಯದಲ್ಲಿ ಹೇಳುವುದು, ಯುದ್ಧಗಳಲ್ಲಿ ಸೆರೆಸಿಕ್ಕವರನ್ನು ಕರುಣೆಯಿಂದ ಕಂಡವನೆಂದು. ಟೀಪುವಿನ ಕಡೆಯವರ ಬಗ್ಗೆ ಒಳ್ಳೆಯ ಮಾತು ಹೇಳಲು ಇಂಗ್ಲಿಷರ ಗ್ರಂಥಗಳು ಎಂದೂ ಆತುರಪಟ್ಟದ್ದಿಲ್ಲ. ಆದ್ದರಿಂದ ಈ ಹೊಗಳಿಕೆಗೆ ತೂಕ ಹೆಚ್ಚು. ಸೆರೆಮನೆಯ ಕತ್ತಲೆಯಲ್ಲಿ ಮಾಡಿದ ಪ್ರಾರ್ಥನೆಗಳಲ್ಲಿ ಕೆಲವಕ್ಕಾದರೂ ಉತ್ತರ ಬಂದದ್ದು ಈ ಕೋಟೆಯ ಅಧಿಕಾರಿಯ ರೂಪದಲ್ಲಿ. ಪ್ರಾರ್ಥಿಸಿದವರ ದೇವರು ಬೇರೆ, ಅವನ ದೇವರು ಬೇರೆ.

ಹಳ್ಳಿಗಳಿಗೆ ಬರೋಣ. ಮಳೆ ಹೋದರೆ ನಮ್ಮ ಕಡೆಯ ಮಕ್ಕಳು ಮಳೆರಾಯನನ್ನು ಮಾಡುವ ಪದ್ಧತಿ ಇತ್ತು. ಕೆರೆಯ ಜೇಡಿಮಣ್ಣಿನ ಒಂದು ಗೊಂಬೆ. ಅದನ್ನು ಮಣೆಯ ಮೇಲಿಟ್ಟು ಹುಡುಗನೊಬ್ಬನ ತಲೆಯ ಮೇಲೆ ಹೊರಿಸಿ ಮನೆಮನೆಗೂ ಹೋಗುತ್ತಿದ್ದರು. ಮನೆಯ ಹೆಂಗಸರು ಗೊಂಬೆಯ ಮೇಲೆ, ಅಂದರೆ ಹುಡುಗನ ಮೇಲೆ, ಕೊಡದ ನೀರು ಸುರಿದು ಒಂದಿಷ್ಟು ರಾಗಿಹಿಟ್ಟನ್ನೋ ಕಾಳನ್ನೋ ಕೊಡುತ್ತಿದ್ದರು. ಊರೆಲ್ಲ ಸುತ್ತಿ ಬಂದ ಮೇಲೆ ಕೂಡಿದ ಹಿಟ್ಟನ್ನು ಒಂದೆಡೆ ಬೇಯಿಸಿ ಎಲ್ಲರೂ ಉಣ್ಣುತ್ತಿದ್ದರು. ಇದರಿಂದ ಮೋಡ ಕರಗುವುದೇ ಎಂದು ಕೇಳುವುದು ಸುಲಭ. ಮೋಡದ ವಿಷಯ ಹಾಗಿರಲಿ. ಬರದ ವರ್ಷದಲ್ಲಿ ಯಾವ ಮನೆಯ ಹಿಟ್ಟಿನ ಮಡಕೆ ತಳ ಕಂಡಿದೆ, ಯಾವ ಮನೆಯಲ್ಲಿ ಇನ್ನೂ ಕಾಳಿದೆ ಎಂಬುದು ಆ ಒಂದು ಸುತ್ತಿನಲ್ಲಿ ಇಡೀ ಊರಿಗೆ ತಿಳಿಯುತ್ತಿತ್ತು. ಇಲ್ಲದ ಮನೆಯ ಮಗುವಿಗೂ ಅಂದು ಒಂದು ಹೊತ್ತಿನ ಊಟ ಸಿಗುತ್ತಿತ್ತು. ಬೇಡಿದೆನೆಂಬ ನಾಚಿಕೆ ಯಾರಿಗೂ ಇರುತ್ತಿರಲಿಲ್ಲ. ಬೇಡಿದವನು ಮಳೆರಾಯನಲ್ಲವೆ!

ಮಾರಮ್ಮನ ಹಬ್ಬದ ರೀತಿ ಬೇರೆ. ಸಿಡುಬು, ವಾಂತಿಭೇದಿಗಳು ಬಂದಾಗ ಅಮ್ಮನನ್ನು ತಂಬಿಟ್ಟಿನ ಆರತಿಯಿಂದ ತಣಿಸಿ ಊರ ಗಡಿ ದಾಟಿಸುತ್ತಿದ್ದರು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಸಂಸ್ಥಾನದಲ್ಲಿ ಹರಡಿದಾಗ, ಆ ಹೊಸ ಮಾರಿಗೂ ಜನ ಅಮ್ಮನ ಹೆಸರನ್ನೇ ಇಟ್ಟರು. ಪ್ಲೇಗಿನ ಮಾರಮ್ಮನ ಗುಡಿಗಳು ಹುಟ್ಟಿಕೊಂಡವು. ಇಲಿ ಬಿದ್ದ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ವಾಸಿಸುವುದನ್ನೂ ಕಲಿತರು. ಗುಡಿಸಲಿಗೆ ಹೋಗುವ ಮೊದಲು ಅಮ್ಮನಿಗೆ ಕೈಮುಗಿದು ಹೋದರು. ಇದೇ ಮಾತಿನಲ್ಲಿ ಇನ್ನೊಂದು ಕಹಿಯನ್ನೂ ಹೇಳಬೇಕು. ಒಂದು ಊರು ಗಡಿ ದಾಟಿಸಿದ ಮಾರಿ ಹೋಗುತ್ತಿದ್ದುದು ಪಕ್ಕದ ಊರಿಗೆ. ಸಂಕಟದಲ್ಲಿ ದೇವರನ್ನು ನೆನೆದವರೆಲ್ಲ ನೆರೆಯವರನ್ನು ನೆನೆದರೆಂದು ಹೇಳಿದರೆ ಅದು ಸುಳ್ಳಾಗುತ್ತದೆ.

ಈ ಎಲ್ಲ ನಂಬಿಕೆಗಳ ನಿಜವಾದ ಪರೀಕ್ಷೆ ನಡೆದದ್ದು ೧೮೭೬ರಿಂದ ೧೮೭೮ರವರೆಗೆ. ಜನ ಅದನ್ನು ಧಾತು–ಈಶ್ವರದ ಬರವೆಂದು ಕರೆದರು, ಏಕೆಂದರೆ ಅದು ಧಾತು ಸಂವತ್ಸರದಲ್ಲಿ ಬಲಿತು ಈಶ್ವರ ಸಂವತ್ಸರದಲ್ಲಿ ತನ್ನ ಘೋರರೂಪವನ್ನು ತೋರಿತು. ಈಶ್ವರನ ಹೆಸರಿನ ವರ್ಷದಲ್ಲಿಯೇ ಈಶ್ವರನು ಕಿವುಡನಾದನೆಂದು ಎಷ್ಟು ಜನ ನಿಟ್ಟುಸಿರಿಟ್ಟರೋ! ಮೈಸೂರು ಸಂಸ್ಥಾನ ಆಗ ಇಂಗ್ಲಿಷ್ ಕಮಿಷನರ ಆಡಳಿತದಲ್ಲಿತ್ತು; ಚಾಮರಾಜೇಂದ್ರ ಒಡೆಯರು ಇನ್ನೂ ಬಾಲಕರು. ಮಳೆ ಮತ್ತೆ ಮತ್ತೆ ಕೈಕೊಟ್ಟಿತು. ರಾಗಿಯ ಹಗೇವುಗಳು ಬರಿದಾದವು, ದನಕರುಗಳು ಸತ್ತವು, ಜನ ಸೊಪ್ಪು, ಗೆಡ್ಡೆಗಳನ್ನು ತಿಂದು, ಗಂಜಿಯ ಕೇಂದ್ರಗಳನ್ನು ಹುಡುಕುತ್ತ ಬೆಂಗಳೂರಿನ ದಾರಿ ಹಿಡಿದರು. ೧೮೭೧ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ೫೦ ಲಕ್ಷದ ೫೫ ಸಾವಿರ. ೧೮೮೧ರಲ್ಲಿ ಅದು ೪೧ ಲಕ್ಷದ ೮೬ ಸಾವಿರ. ನಡುವಿನ ವರ್ಷಗಳಲ್ಲಿ ಹುಟ್ಟಿರಬೇಕಾದವರನ್ನು ಲೆಕ್ಕಕ್ಕೆ ಹಿಡಿದರೆ, ಬರವೂ ಅದರ ಹಿಂದೆ ಬಂದ ರೋಗಗಳೂ ಹತ್ತು ಲಕ್ಷದಷ್ಟು ಜನರನ್ನು ನುಂಗಿದವೆಂಬ ಅಂದಾಜು ಅತಿಶಯವಲ್ಲ. ಐದು ಜನರಲ್ಲಿ ಒಬ್ಬರು!

ಹೀಗೆ ಸತ್ತವರು ಮೊರೆಯಿಟ್ಟಿರಲಿಲ್ಲವೆ? ಮಳೆರಾಯನನ್ನು ಹೊತ್ತಿರಲಿಲ್ಲವೆ? ಅಪ್ರಮೇಯನಿಗೆ, ಮಾರಮ್ಮನಿಗೆ, ಅಕೀಲ್ ಷಾ ಅವರ ದರ್ಗಾಕ್ಕೆ ಹರಕೆ ಹೊತ್ತಿರಲಿಲ್ಲವೆ? ಹೊತ್ತಿದ್ದರು. ಉಳಿದವರು ನಂಬಿದ್ದರಿಂದ ಉಳಿದರು, ಹೋದವರು ನಂಬದೆ ಹೋದರು ಎಂದು ಹೇಳುವ ಧೈರ್ಯ ಯಾವ ಧರ್ಮಶಾಸ್ತ್ರಿಗೂ ಬಾರದಿರಲಿ. ನಾನು ಚರಿತ್ರೆಯ ವಿದ್ಯಾರ್ಥಿಯಾಗಿ ಇಷ್ಟನ್ನು ಮಾತ್ರ ಹೇಳಬಲ್ಲೆ. ಆ ಬರದಲ್ಲಿ ಮನುಷ್ಯರು ಮಾಡಬಹುದಾಗಿದ್ದ ಎಷ್ಟೋ ಕೆಲಸ ತಡವಾಗಿ ನಡೆಯಿತು, ಎಷ್ಟ

ೋ ನಡೆಯಲೇ ಇಲ್ಲ. ಧಾನ್ಯವನ್ನು ಒಳನಾಡಿಗೆ ಒಯ್ಯಲು ರೈಲು ಬೆಂಗಳೂರಿನ ಆಚೆಗೆ ಇರಲಿಲ್ಲ. ಹಸಿದವರಿಂದ ಮಣ್ಣು ಹೊರಿಸಿ ಕೂಲಿ ಕೊಡುವ ಬರಪರಿಹಾರದ ಕಾಮಗಾರಿಗಳಲ್ಲಿ ಬೆಂಗಳೂರು–ಮೈಸೂರು ರೈಲುದಾರಿಯ ಕೆಲಸವೂ ಸೇರಿತ್ತು. ಆಗ ಕ್ಲೋಸ್‌ಪೇಟೆಯೆನಿಸಿದ್ದ ರಾಮನಗರ, ಚನ್ನಪಟ್ಟಣ, ಮದ್ದೂರುಗಳನ್ನು ಹಾದು ೧೮೮೨ರ ಹೊತ್ತಿಗೆ ಗಾಡಿ ಮೈಸೂರನ್ನು ಮುಟ್ಟಿತು. ಈಗ ಕಿಟಕಿಯ ಬದಿಗೆ ಕುಳಿತು ಮದ್ದೂರು ವಡೆಗೆ ಕಾಯುವ ನಮಗೆ, ಗಾಡಿಯ ಕೆಳಗಿನ ಏರಿಯ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತ ಕೈಗಳು ಎಷ್ಟು ಸಣಕಲಾಗಿದ್ದವೆಂಬುದು ಹೊಳೆಯುವುದಿಲ್ಲ.

ಚನ್ನಪಟ್ಟಣಕ್ಕೂ ರಾಮನಗರಕ್ಕೂ ನಡುವೆ ಹೆದ್ದಾರಿಯ ಬದಿಯಲ್ಲಿ ಕೆಂಗಲ್ಲಿನ ಆಂಜನೇಯನ ಗುಡಿಯಿದೆ. ಸುತ್ತಲಿನ ಜನ ಅದನ್ನು ಅಯ್ಯನಗುಡಿ ಎನ್ನುತ್ತಾರೆ. ಸಂಕ್ರಾಂತಿಯ ಸುಮಾರಿಗೆ ಅಲ್ಲಿ ಸೇರುವ ದನಗಳ ಜಾತ್ರೆ ಹೆಸರಾದದ್ದು. ಈ ಹನುಮಂತನ ಹೆಸರನ್ನು ಹೊತ್ತ ಕೆಂಗಲ್ ಹನುಮಂತಯ್ಯನವರು ೧೯೦೮ರಲ್ಲಿ ಇದೇ ಕಡೆಯ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿ, ೧೯೫೨ರಿಂದ ೧೯೫೬ರವರೆಗೆ ಮುಖ್ಯಮಂತ್ರಿಗಳಾಗಿ ವಿಧಾನಸೌಧವನ್ನು ಕಟ್ಟಿಸಿದರು. ಅದರ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸವೆಂದು ಬರೆಯಿಸಿದರು. ದೇವರ ಕೆಲಸವಾದ್ದರಿಂದ ಅದನ್ನು ದೇವರಿಗೇ ಬಿಟ್ಟಿದ್ದಾರೆಂದು ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದವರು ನಗೆಯಾಡುವುದುಂಟು. ನಗೆಗೆ ಕಾರಣವಿದೆ. ಆದರೂ ಆ ಮಾತು ಯಾವ ಸೀಮೆಯಿಂದ ಬಂದ ಮನುಷ್ಯನದು ಎಂಬುದನ್ನು ಗಮನಿಸಿದರೆ ಅದರ ಹಿಂದಿನ ಆಶಯ ತಿಳಿಯುತ್ತದೆ. ಬರವನ್ನೂ ಹರಕೆಯನ್ನೂ ಒಟ್ಟಿಗೆ ಕಂಡ ಹಳ್ಳಿಗಳ ನಡುವೆ ಬೆಳೆದವರು ಅವರು. ಅಧಿಕಾರಿಯ ಮೇಜಿನ ಮುಂದೆ ನಿಂತ ರೈತ ಯಾವುದೋ ಗುಡಿಯಲ್ಲಿ ಕೈಮುಗಿದೇ ಅಲ್ಲಿಗೆ ಬಂದಿರುತ್ತಾನೆ. ಅವನ ಮೊರೆಗೆ ಉತ್ತರ ಬರಬೇಕಾದ ಬಾಗಿಲು ಇದೇ ಎಂಬುದನ್ನು ಕಲ್ಲಿನಲ್ಲಿ ಕೆತ್ತಿಸಿ ಅಧಿಕಾರಿಗೆ ನೆನಪಿಸುವುದು ಅವರ ಉದ್ದೇಶವಾಗಿದ್ದಿರಬೇಕು.

ಕಣ್ವ ನದಿಗೆ ೧೯೪೬ರಲ್ಲಿ ಜಲಾಶಯವಾಯಿತು. ನದಿಯೇ ಬಡದಾದ್ದರಿಂದ ಜಲಾಶಯವೂ ಹಲವು ವರ್ಷ ಅರೆಹೊಟ್ಟೆಯಲ್ಲೇ ಉಳಿಯಿತು. ಈಚಿನ ವರ್ಷಗಳಲ್ಲಿ ಇಗ್ಗಲೂರಿನ ಬಳಿ ಶಿಂಷಾ ನದಿಗೆ ಕಟ್ಟಿದ ಅಣೆಕಟ್ಟಿನಿಂದ ನೀರನ್ನು ಯಂತ್ರಗಳಿಂದ ಮೇಲೆತ್ತಿ, ಕೊಳವೆಗಳಲ್ಲಿ ಹಾಯಿಸಿ, ತಾಲ್ಲೂಕಿನ ಕೆರೆಗಳನ್ನು ತುಂಬಿಸುತ್ತಿದ್ದಾರೆ. ಹೀಗೆ ತುಂಬಿದ ಕೆರೆಗೂ ಹಳ್ಳಿಯವರು ಗಂಗೆಪೂಜೆ ಮಾಡಿ ಬಾಗಿನ ಬಿಡುತ್ತಾರೆ. ಮೊರದಲ್ಲಿ ಅರಿಸಿನ, ಕುಂಕುಮ, ಹಸಿರು ಬಳೆ, ರವಿಕೆಯ ಕಣ. ನೀರು ಎಲ್ಲಿಂದ, ಯಾವ ಯಂತ್ರದಿಂದ ಬಂತೆಂಬುದು ಅಲ್ಲಿ ನೆರೆದ ಪ್ರತಿಯೊಬ್ಬರಿಗೂ ಗೊತ್ತು. ಕರೆಂಟು ಹೋದರೆ ನೀರು ನಿಲ್ಲುವುದೂ ಗೊತ್ತು. ಮೊರವನ್ನು ನೀರಿಗೆ ಬಿಡುವಾಗ ಹೆಂಗಸರು ಕಣ್ಣು ಮುಚ್ಚಿ ಕೈಮುಗಿಯುತ್ತಾರೆ.